ಕೆಲಸ ಕಳೆದುಕೊಂಡರಂತೆ

ಬೆಳಿಗ್ಗೆ ಪೇಪರ್ ತಿರುಗಿಸುತ್ತಾ ಇದ್ದೆ. ಅರ್ಧ ಪುಟದ ಫೋಟೋ. ಕೈಕಟ್ಟಿ ನಿಂತ ಉದ್ಯಮಿ. ಕೆಳಗಿನಿಂದ ತೆಗೆದಿದ್ದಾರೆ, ಆಳು ಎತ್ತರ ಕಾಣಬೇಕಲ್ಲ! ಪಕ್ಕದಲ್ಲಿ ದಪ್ಪಕ್ಷರ: 'ಸಾವಿರಾರು ಉದ್ಯೋಗ ಸೃಷ್ಟಿಸಿದ ಸಾಹಸಿ'.

ಮುಂದಿನ ಪುಟದ ಮೂಲೆಯಲ್ಲಿ ಇನ್ನೊಂದು ಕಂಪನಿಯ ಸುದ್ದಿ. ನಾಲ್ಕೇ ಸಾಲು. 'ನೂರಾರು ನೌಕರರು ಕೆಲಸ ಕಳೆದುಕೊಂಡರು.'

ಕಳೆದುಕೊಂಡರಂತೆ. ಬಸ್ಸಲ್ಲಿ ಛತ್ರಿ ಮರೆತು ಬಂದ ಹಾಗೆ!

ಕೆಲಸ ಕೊಟ್ಟರೆ ಕೊಟ್ಟವರ ಹೆಸರು, ಫೋಟೋ ಎಲ್ಲ ಇರುತ್ತೆ. ಕಿತ್ತುಕೊಂಡಾಗ ಮಾತ್ರ ವಾಕ್ಯದಲ್ಲಿ ಕರ್ತೃವೇ ನಾಪತ್ತೆ. (ನಮ್ಮ ವ್ಯಾಕರಣದ ಮೇಷ್ಟ್ರು ಸುಮ್ನೆ ಬಿಡ್ತಿರಲಿಲ್ಲ.)

ದೊಡ್ಡ ಕಂಪನಿಗಳು ಗ್ಯಾರೇಜಿನಲ್ಲಿ ಹುಟ್ಟಿದ ಕಥೆಗಳೂ ಹೀಗೇ ಅಲ್ವಾ? 1994ರಲ್ಲಿ ಅಮೆಜಾನ್ ಗ್ಯಾರೇಜಿನಲ್ಲಿ ಶುರುವಾಯಿತು ಅಂತ ಎಲ್ಲರಿಗೂ ಬಾಯಿಪಾಠ. ಮರುವರ್ಷ ಅದರ ಸ್ಥಾಪಕ ಜೆಫ್ ಬೆಜೋಸ್ ಅವರ ಅಪ್ಪ ಅಮ್ಮ ಸುಮಾರು 2.45 ಲಕ್ಷ ಡಾಲರ್ ಹಾಕಿದ್ದು ಅಷ್ಟಾಗಿ ಯಾರ ಬಾಯಲ್ಲೂ ಬರಲ್ಲ. ಅವರು ಅಂಗಡಿ ತೆರೆದದ್ದು ಇಂಟರ್ನೆಟ್ಟಿನಲ್ಲಿ, ಅದರ ಬೇರು 1969ರ ಅರ್ಪಾನೆಟ್ ಅನ್ನೋ ಕಂಪ್ಯೂಟರ್ ಜಾಲ. ಅದು ಅಮೆರಿಕದ ರಕ್ಷಣಾ ಇಲಾಖೆಯ ದುಡ್ಡು, ಅಂದರೆ ತೆರಿಗೆ ಕಟ್ಟಿದವರದ್ದು. ಬೆಜೋಸ್ ದುಡಿದಿಲ್ಲ ಅಂತ ನಾನು ಹೇಳ್ತಿಲ್ಲ. ಜಾಸ್ತಿನೇ ದುಡಿದಿರಬಹುದು.

ಆ ನಾಲ್ಕು ಸಾಲನ್ನು ಇನ್ನೊಮ್ಮೆ ಓದಿದೆ. ಕೆಲಸದಿಂದ ತೆಗೆದವರು ಯಾರು ಅಂತ ಎಲ್ಲೂ ಇಲ್ಲ. ಕೊನೆಯ ಸಾಲು ಮಾತ್ರ ಸ್ಪಷ್ಟವಾಗಿತ್ತು: ಷೇರು ಬೆಲೆ ಏರಿಕೆ.