ಕೆಂಪು ದೀಪ ಆರಿಸಿದ್ದೇ ತಪ್ಪಾಯ್ತು

ಮೊದಲು ಬಂದಿದ್ದು ಶಬ್ದವಲ್ಲ, ದೀಪ. ಕಾರನ್ನು ಜೋರಾಗಿ ತಿರುಗಿಸಿದಾಗ ಮಾತ್ರ ಮೀಟರ್ ಪಕ್ಕದ ಕೆಂಪು ಬ್ರೇಕ್ ದೀಪ ಒಂದು ಕ್ಷಣ ಹೊತ್ತಿಕೊಳ್ಳುತ್ತಿತ್ತು. ನೇರ ರಸ್ತೆಗೆ ಬಂದರೆ ಮಾಯ. ಹ್ಯಾಂಡ್ ಬ್ರೇಕ್ ಪೂರ್ತಿ ಇಳಿದಿಲ್ಲವೇನೋ ಅಂತ ಎರಡು ಮೂರು ಸಲ ಕೆಳಗೆ ಅದುಮಿ ನೋಡಿದೆ. ಇಳಿದೇ ಇತ್ತು. ಬಾನೆಟ್ ಎತ್ತಿದರೆ ಬ್ರೇಕ್ ಆಯಿಲ್ ಡಬ್ಬಿಯಲ್ಲಿ ಮಟ್ಟ 'ಮಿನ್' ಗೆರೆಗೆ ಬಂದು ನಿಂತಿತ್ತು. ತಿರುವಿನಲ್ಲಿ ಆಯಿಲ್ ಒಂದು ಕಡೆ ವಾಲುತ್ತದೆ, ಡಬ್ಬಿಯೊಳಗಿನ ತೇಲುವ ಬುರುಡೆ ಕೆಳಗಿಳಿಯುತ್ತದೆ, ದೀಪ ಹೊತ್ತುತ್ತದೆ. ಒಂದು ಬಾಟಲಿ ಡಾಟ್ 4 ದರ್ಜೆಯ ಬ್ರೇಕ್ ಆಯಿಲ್ ತಂದು 'ಮ್ಯಾಕ್ಸ್' ಗೆರೆಯ ತನಕ ಸುರಿದೆ. ದೀಪ ಆರಿತು. ಗ್ಯಾರೇಜಿಗೆ ಹೋಗದೇ ರಿಪೇರಿ ಮಾಡಿಕೊಂಡೆ ಅಂತ ಎರಡು ದಿನ ಬೀಗಿದ್ದೂ ಆಯಿತು.

ಬ್ರೇಕ್ ಆಯಿಲ್ ಉರಿದು ಖರ್ಚಾಗುವ ವಸ್ತುವಲ್ಲ. ಮುಚ್ಚಿದ ಪೈಪಿನೊಳಗೆ ಸುಮ್ನೆ ಇರುವಂಥದ್ದು. ಅದು ಕಡಿಮೆಯಾಯಿತು ಅಂದರೆ ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಪ್ಯಾಡ್, ಅಂದರೆ ಚಕ್ರದ ಜೊತೆ ತಿರುಗುವ ಡಿಸ್ಕ್ ಅನ್ನುವ ಲೋಹದ ತಟ್ಟೆಯನ್ನು ಎರಡೂ ಕಡೆಯಿಂದ ಅದುಮಿ ಹಿಡಿಯುವ ಬಿಲ್ಲೆ, ಸವೆದಿದೆ. ಪ್ಯಾಡ್ ತೆಳುವಾದಷ್ಟೂ ಅದನ್ನು ಹಿಡಿದಿರುವ ಕ್ಯಾಲಿಪರ್‌ನ ಪಿಸ್ಟನ್, ಅಂದರೆ ಪ್ಯಾಡನ್ನು ಒತ್ತುವ ದಿಂಡು, ಮುಂದೆ ಬರುತ್ತದೆ. ಅದರ ಹಿಂದೆ ತೆರವಾದ ಜಾಗ ತುಂಬಲು ಡಬ್ಬಿಯ ಆಯಿಲ್ ಕೆಳಗಿಳಿಯುತ್ತದೆ. ಆ ದೀಪ ನನಗೆ 'ಚಕ್ರ ಬಿಚ್ಚಿ ನೋಡು ಮಾರಾಯ' ಅಂತ ಹೇಳುತ್ತಿತ್ತು. ನಾನು ಅದರ ಬಾಯಿ ಮುಚ್ಚಿಸಿದೆ.

ಸ್ವಲ್ಪ ದಿನ ಕಳೆದ ಮೇಲೆ ಶಬ್ದ ಶುರುವಾಯಿತು. ಮೆಲ್ಲಗೆ ಬ್ರೇಕ್ ಒತ್ತಿದಾಗ 'ಕೀಂ' ಅಂತ ಸಣ್ಣಗೆ. ಇದಕ್ಕೂ ನನ್ನ ಹತ್ತಿರ ಸಮಾಧಾನ ಸಿದ್ಧವಿತ್ತು. ಮಳೆಗಾಲ, ಡಿಸ್ಕ್ ಮೇಲೆ ತುಕ್ಕು ಹಿಡಿದಿರುತ್ತದೆ ಅಂದುಕೊಂಡೆ. ಆ ಮಾತೇನೂ ಸುಳ್ಳಲ್ಲ. ರಾತ್ರಿ ನೆನೆದು ನಿಂತ ಕಾರಿನ ಡಿಸ್ಕ್ ಬೆಳಿಗ್ಗೆ ಕೆಂಪಗಾಗಿರುತ್ತದೆ, ಮೊದಲ ನಾಲ್ಕೈದು ಸಲ ಬ್ರೇಕ್ ಹಾಕುವಾಗ ಕರಕರ ಅನ್ನುತ್ತದೆ, ಆಮೇಲೆ ನಿಲ್ಲುತ್ತದೆ. ನನ್ನದು ಸಂಜೆಯ ತನಕವೂ ನಿಲ್ಲುತ್ತಿರಲಿಲ್ಲ. ಎಷ್ಟೋ ಪ್ಯಾಡ್‌ಗಳಲ್ಲಿ ಒಂದು ಚಿಕ್ಕ ಲೋಹದ ನಾಲಿಗೆ ಇರುತ್ತದೆ. ಪ್ಯಾಡಿನ ದಪ್ಪ 2–3 ಮಿ.ಮೀ.ಗೆ ಇಳಿದಾಗ ಅದು ಡಿಸ್ಕಿಗೆ ತಾಗಿ ಕಿರುಚಲಿ ಅಂತಲೇ ಇಟ್ಟಿರುವುದು. ನಾನು ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದೆ.

ನಾನೇನೂ ಪೂರ್ತಿ ಬೇಜವಾಬ್ದಾರಿ ಮನುಷ್ಯನಲ್ಲ, ಅದನ್ನೂ ಹೇಳಿಬಿಡಬೇಕು. ಒಂದು ಭಾನುವಾರ ಟಾರ್ಚ್ ಹಿಡಿದು ಚಕ್ರದ ಕಿಂಡಿಯಲ್ಲಿ ಇಣುಕಿದೆ. ಹೊಸ ಪ್ಯಾಡ್ ಸುಮಾರು 10–12 ಮಿ.ಮೀ. ಇರುತ್ತದೆ. 3ಕ್ಕೆ ಬಂದರೆ ಬದಲಾಯಿಸಬೇಕು. ನನಗೆ ಕಂಡದ್ದು ಹೆಚ್ಚುಕಡಿಮೆ 5. ಇನ್ನೂ ಸಾಕಷ್ಟಿದೆ ಅಂತ ಟಾರ್ಚ್ ಆರಿಸಿ ಒಳಗೆ ಹೋದೆ.

ಆಮೇಲೆ ಅಕ್ಕ ಬಂದಳು. ಅವಳ ಕಾರು ಸರ್ವೀಸಿಗೆ ಬಿಟ್ಟಿದ್ದರಿಂದ ನನ್ನದು ತೆಗೆದುಕೊಂಡು ಹೋದಳು. ಅರ್ಧ ಗಂಟೆಗೆ ವಾಪಸ್ ಬಂದು ಕೀಯನ್ನು ಟೇಬಲ್ ಮೇಲೆ ಎಸೆದಳು.

"ಏನೋ ಇದು? ಎಷ್ಟು ಒತ್ತಿದರೂ ನಿಲ್ಲಲ್ಲ. ಅದರ ಮೇಲೆ ಎಡಕ್ಕೆ ಬೇರೆ ಎಳೆಯುತ್ತೆ."

"ನಿನಗೆ ಈ ಗಾಡಿ ಅಭ್ಯಾಸ ಇಲ್ಲ ಅಕ್ಕ."

"ಅಭ್ಯಾಸ ಆಗಿರೋದು ನಿನಗೆ ಕಣೋ. ಅದಕ್ಕೇ ಗೊತ್ತಾಗ್ತಿಲ್ಲ."

ಇಡೀ ಕಥೆ ಆ ಒಂದು ಮಾತಿನಲ್ಲಿತ್ತು. ಬ್ರೇಕ್ ಒಂದೇ ದಿನ ಕೆಡುವುದಿಲ್ಲ. ದಿನಾ ಕೂದಲೆಳೆಯಷ್ಟು ಸವೆಯುತ್ತದೆ, ಕಾಲು ದಿನಾ ಕೂದಲೆಳೆಯಷ್ಟು ಜಾಸ್ತಿ ಒತ್ತುತ್ತದೆ. ಸ್ಟೀರಿಂಗನ್ನು ಬಲಕ್ಕೆ ಸ್ವಲ್ಪ ಹಿಡಿದೇ ಬ್ರೇಕ್ ಹಾಕುವುದನ್ನು ನನ್ನ ಕೈ ಯಾವಾಗಲೋ ಕಲಿತುಬಿಟ್ಟಿತ್ತು. ಕಾರು ಓಡಿಸುವವನಿಗೇ ಎಲ್ಲರಿಗಿಂತ ಕೊನೆಗೆ ಗೊತ್ತಾಗುವ ರೋಗ ಇದು.

ಗ್ಯಾರೇಜಿನಲ್ಲಿ ಮುಂದಿನ ಬಲಗಡೆಯ ಚಕ್ರ ಬಿಚ್ಚಿದರು. ಹೊರಗಿನ ಪ್ಯಾಡ್ ನಾನು ನೋಡಿದಂತೆಯೇ 5 ಮಿ.ಮೀ. ಇತ್ತು. ಒಳಗಿನ ಪ್ಯಾಡ್‌ನಲ್ಲಿ ಉಳಿದಿದ್ದು ಬರೀ ಕಬ್ಬಿಣದ ಪ್ಲೇಟು. ಡಿಸ್ಕಿನ ಒಳಮೈ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೆರೆಗಳು. ಕ್ಯಾಲಿಪರ್ ಆ ಕಡೆ ಈ ಕಡೆ ಜಾರಲು ಎರಡು ಪಿನ್ ಇರುತ್ತವೆ. ಅವು ಗ್ರೀಸ್ ಒಣಗಿ, ತುಕ್ಕು ಹಿಡಿದು ಜಾಮ್ ಆಗಿದ್ದವು. ಹಾಗಾಗಿ ಪಿಸ್ಟನ್ ಪಕ್ಕದ ಪ್ಯಾಡ್ ಒಂದೇ ಎಲ್ಲಾ ಕೆಲಸ ಮಾಡಿ ಸವೆದಿತ್ತು. ಚಕ್ರದ ಕಿಂಡಿಯಿಂದ ಕಾಣುವುದು ಹೊರಗಿನದು ಮಾತ್ರ. ಎಡಕ್ಕೆ ಎಳೆದರೆ ಎಡಗಡೆಯೇ ಕೆಟ್ಟಿರಬೇಕು ಅಂದುಕೊಂಡಿದ್ದೆ, ಅದೂ ತಪ್ಪು. ಬಲಗಡೆ ಸರಿಯಾಗಿ ಹಿಡಿಯದೆ ಎಡಗಡೆ ಮಾತ್ರ ಹಿಡಿದರೂ ಗಾಡಿ ಎಡಕ್ಕೇ ತಿರುಗುತ್ತದೆ.

ಇನ್ನೊಂದು ಬಾಕಿ ಇತ್ತು. ಹೊಸ ಪ್ಯಾಡ್ ಕೂರಿಸಲು ಮೆಕಾನಿಕ್ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿದರು. ಒಳಗಿನ ಆಯಿಲ್ ಡಬ್ಬಿಗೆ ವಾಪಸ್ ಬಂತು. ಡಬ್ಬಿ ನಾನು ಮೊದಲೇ ತುಂಬಿಸಿಟ್ಟದ್ದು, ಉಕ್ಕಿ ಹೊರಗೆ ಹರಿಯಿತು. "ಆಯಿಲ್ ಯಾರು ಹಾಕಿದ್ದು ಸರ್?" ಅಂದರು. ನಾನು ಗೋಡೆ ನೋಡಿದೆ. ಬ್ರೇಕ್ ಆಯಿಲ್ ಬಿದ್ದರೆ ಪೇಂಟ್ ಎದ್ದುಬರುತ್ತದೆ. ಅವರು ತಕ್ಷಣ ನೀರು ಹಾಕಿ ತೊಳೆದಿದ್ದರಿಂದ ಉಳಿಯಿತು.

ಡಿಸ್ಕ್ ಕನಿಷ್ಠ ಎಷ್ಟು ದಪ್ಪ ಇರಬೇಕು ಅಂತ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚು ಹಾಕಿರುತ್ತಾರೆ. ಅಳೆದು ನೋಡಿದರೆ ನನ್ನದು ಅದಕ್ಕಿಂತ ಕೆಳಗಿತ್ತು. ಮುಂದಿನ ಎರಡೂ ಡಿಸ್ಕ್, ಎರಡೂ ಕಡೆಯ ಪ್ಯಾಡ್ ಹೊಸದಾಗಿ ಹಾಕಿಸಿದೆ. ಒಂದು ಕಡೆ ಮಾತ್ರ ಹಾಕಿಸಿದರೆ ಎರಡು ಚಕ್ರದ ಹಿಡಿತ ಬೇರೆ ಬೇರೆಯಾಗಿ ಮತ್ತೆ ಎಳೆಯುವ ಕಾಟ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲಿ ಅಂತ ಮೊದಲ 200–300 ಕಿಲೋಮೀಟರ್ ಸುಮ್ಮನೆ ಗಕ್ಕನೆ ಬ್ರೇಕ್ ಹಾಕಬೇಡಿ ಅಂದರು.

ಆವತ್ತಿನಿಂದ ಪೆಡಲ್ ಕಡೆ ಗಮನ ಕೊಡುವುದು ಕಲಿತಿದ್ದೇನೆ. ಪೆಡಲ್ ಸ್ಪಂಜಿನ ಥರ ಮೆತ್ತಗಾದರೆ ಪೈಪಿನೊಳಗೆ ಗಾಳಿ ಸೇರಿದೆ ಎಂಬ ಅನುಮಾನ ಬರಬೇಕು. ಗಾಡಿ ನಿಲ್ಲಿಸಿ ಕಾಲು ಇಟ್ಟುಕೊಂಡೇ ಇದ್ದಾಗ ಪೆಡಲ್ ನಿಧಾನಕ್ಕೆ ಕೆಳಗಿಳಿಯುತ್ತಾ ಹೋದರೆ ಎಲ್ಲೋ ಸೋರಿಕೆ ಇದೆ, ಅಥವಾ ಪೆಡಲ್ ಒತ್ತಿದಾಗ ಆಯಿಲನ್ನು ಪೈಪಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಒಳಗೇ ಸೋತಿದೆ. ಹಾಗಾದರೆ ಗ್ಯಾರೇಜ್ ತನಕವೂ ಓಡಿಸಬಾರದು, ಎತ್ತಿಸಿಕೊಂಡೇ ಹೋಗಬೇಕು. ಪೆಡಲ್ ಕಲ್ಲಿನಂತೆ ಗಟ್ಟಿಯಾಗಿದ್ದರೆ, ಕಾಲಿನ ಒತ್ತಡಕ್ಕೆ ಬಲ ಸೇರಿಸುವ ಬೂಸ್ಟರ್ ನೋಡಿಸಿ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಎಂಜಿನ್ ಆಫ್ ಇರುವಾಗ ನಾಲ್ಕೈದು ಸಲ ಒತ್ತಿ, ಪೆಡಲ್ ಗಟ್ಟಿಯಾದ ಮೇಲೆ ಕಾಲು ತೆಗೆಯದೇ ಸ್ಟಾರ್ಟ್ ಮಾಡಿ. ಕಾಲ ಕೆಳಗೆ ಪೆಡಲ್ ಸ್ವಲ್ಪ ಇಳಿಯಬೇಕು. ಇಳಿಯದಿದ್ದರೆ ಬೂಸ್ಟರ್ ಅಥವಾ ಅದರ ವ್ಯಾಕ್ಯೂಮ್ ಪೈಪ್ ಕೆಲಸ ಮಾಡುತ್ತಿಲ್ಲ. ವೇಗದಲ್ಲಿ ಬ್ರೇಕ್ ಹಾಕಿದಾಗ ಸ್ಟೀರಿಂಗ್ ನಡುಗಿದರೆ ಹೆಚ್ಚಾಗಿ ಡಿಸ್ಕ್ ದಪ್ಪ ಒಂದೇ ಸಮ ಇಲ್ಲ ಅಂತ. ಆದರೆ ಗಾಬರಿಯಲ್ಲಿ ಪೂರ್ತಿ ಒತ್ತಿದಾಗ ಪೆಡಲ್ ಕಾಲಿಗೆ ಟಕಟಕ ಹೊಡೆದರೆ ಹೆದರಬೇಡಿ, ಅದು ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡುತ್ತಿರುವುದು. ಕಾಲು ತೆಗೆಯಲೇಬಾರದು.

ಆಯಿಲ್ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಅರ್ಧ ಬಾಟಲಿ ಉಳಿಸಿ ಶೆಲ್ಫಿನಲ್ಲಿ ಇಟ್ಟಿದ್ದೆ. ಮೆಕಾನಿಕ್ ಎಸೆದುಬಿಡಿ ಅಂದರು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರಿಕೊಳ್ಳುತ್ತದೆ. ಮುಚ್ಚಳ ತೆಗೆದ ಬಾಟಲಿಯಲ್ಲಿ ಬೇಗ, ಕಾರಿನಲ್ಲಿ ನಿಧಾನಕ್ಕೆ. ಹೊಸ ಡಾಟ್ 4 ಕುದಿಯಲು ಕಡಿಮೆ ಅಂದರೂ 230 ಡಿಗ್ರಿ ಸೆಲ್ಸಿಯಸ್ ಬೇಕು ಅಂತ ನಿಯಮ. ಅದೇ ಆಯಿಲ್‌ಗೆ ಶೇಕಡಾ 3.7ರಷ್ಟು ನೀರು ಸೇರಿದರೆ ಆ ಮಿತಿ 155ಕ್ಕೆ ಇಳಿಯುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಮೇಲೇ ಕಾಲಿಟ್ಟುಕೊಂಡು ಇಳಿದರೆ ಅಷ್ಟು ಬಿಸಿಯಾಗುವುದು ಕಷ್ಟವೇನಲ್ಲ. ಆಯಿಲ್ ಕುದಿದರೆ ಆವಿ, ಆವಿ ಒತ್ತಿದರೆ ಕುಗ್ಗುತ್ತದೆ, ಪೆಡಲ್ ನೆಲಕ್ಕೆ ಹೋಗಿ ಕೂರುತ್ತದೆ. ಅದಕ್ಕೇ ಇಳಿಜಾರಿನಲ್ಲಿ ಕೆಳಗಿನ ಗೇರಿಗೆ ಹಾಕಿ ಎಂಜಿನ್ನೇ ಗಾಡಿಯನ್ನು ಹಿಡಿಯಲಿ ಅನ್ನುವುದು. ನನ್ನ ಕಾರಿನ ಪುಸ್ತಕದಲ್ಲಿ ಎರಡು ವರ್ಷಕ್ಕೊಮ್ಮೆ ಪೂರ್ತಿ ಆಯಿಲ್ ಬದಲಾಯಿಸಿ ಅಂತ ಬರೆದಿದೆ, ಎಷ್ಟು ಓಡಿಸಿದರೂ ಸರಿ, ಓಡಿಸದಿದ್ದರೂ ಸರಿ. ಹಾಗೆಯೇ ಡಾಟ್ 5 ಅನ್ನುವುದು 4ರ ಮುಂದಿನ ಒಳ್ಳೆ ಮಾಲು ಅಂದುಕೊಂಡು ಸುರಿಯಬೇಡಿ. ಅದು ಸಿಲಿಕೋನ್, ಇದರ ಜೊತೆ ಸೇರುವುದಿಲ್ಲ.

ಪಿನ್ ಜಾಮ್ ಆದರೆ ಮೊದಲೇ ಹಿಡಿಯಲು ಒಂದು ಸುಲಭದ ದಾರಿ ಸಿಕ್ಕಿದೆ. ಹತ್ತು ಹದಿನೈದು ಕಿಲೋಮೀಟರ್ ಓಡಿಸಿ ನಿಲ್ಲಿಸಿದ ಮೇಲೆ ಮುಂದಿನ ಎರಡು ಚಕ್ರದ ಹತ್ತಿರ ಅಂಗೈ ಒಡ್ಡಿ ನೋಡುತ್ತೇನೆ. ಮುಟ್ಟುವುದಿಲ್ಲ, ಸುಟ್ಟೀತು. ಎರಡರ ಬಿಸಿಯೂ ಹೆಚ್ಚುಕಡಿಮೆ ಒಂದೇ ಇರಬೇಕು. ಒಂದು ಕಡೆ ಮಾತ್ರ ಧಗೆ ಹೊಡೆದು ಸುಟ್ಟ ವಾಸನೆ ಬಂದರೆ ಅಲ್ಲಿ ಪ್ಯಾಡ್ ಡಿಸ್ಕನ್ನು ಬಿಡುತ್ತಿಲ್ಲ ಅಂತ ಅರ್ಥ. ಟೈರ್ ಬದಲಿಸಲು ಚಕ್ರ ಬಿಚ್ಚಿದಾಗಲೆಲ್ಲ ಒಳಗಿನ ಪ್ಯಾಡನ್ನೂ ಬಗ್ಗಿ ನೋಡುತ್ತೇನೆ.

ಇಷ್ಟಾದರೂ ನನ್ನ ಕಾಲನ್ನು ನಾನು ನಂಬುವುದಿಲ್ಲ. ಅಕ್ಕ ಬಂದಾಗಲೆಲ್ಲ ಕೀ ಅವಳ ಕೈಗೇ ಕೊಡುತ್ತೇನೆ. ಹೋದ ತಿಂಗಳು ಒಂದು ಸುತ್ತು ಹೋಗಿ ಬಂದವಳು, "ಬ್ರೇಕ್ ಚೆನ್ನಾಗಿದೆ ಕಣೋ. ಕ್ಲಚ್ ಯಾಕೆ ಅಷ್ಟು ಮೇಲೆ ಹಿಡಿಯುತ್ತೆ?" ಅಂದಳು.

ನನಗೇನೂ ಹಾಗೆ ಅನ್ನಿಸಿರಲಿಲ್ಲ.