ಆಲ್ಪ್ಸ್‌ಗೆ ಗೈಡ್ ನಿಕ್ಕಿಯಾದ ದಿನ

ಬಿಜೈ, ಮಂಗಳೂರು
9 ಫೆಬ್ರವರಿ 2025, ಭಾನುವಾರ

ಅಂತೂ ಗೈಡ್ ನಿಕ್ಕಿಯಾಯಿತು. ಜುಲೈ ಕೊನೆಯ ವಾರ ಸ್ವಿಟ್ಜರ್ಲೆಂಡಿನ ಜರ್ಮಾಟ್‌ನಿಂದ ಹೊರಟು, ಮಾಂಟೆ ರೋಸಾ ಸಾಲಿನ ಹಿಮದ ಮೇಲೆ ನಡೆದು, ಇಟಲಿಯ ಕಡೆ ಇಳಿಯುವುದು. ನಾನು, ಭಾವ, ಹಗ್ಗದ ಇನ್ನೊಂದು ತುದಿಯಲ್ಲಿ ಅವರು. ಫೆಬ್ರವರಿಯಲ್ಲೇ ಇಷ್ಟು ಅರ್ಜೆಂಟ್ ಎಂತದ್ದು ಅಂತ ಅಕ್ಕ ಕೇಳಿದಳು. ಅಲ್ಲಿ ಹತ್ತುವ ಸೀಸನ್ ಇರುವುದೇ ಬೇಸಿಗೆಯ ಕೆಲವು ವಾರ. ಒಳ್ಳೆ ಗೈಡ್‌ಗಳ ಜುಲೈ, ಆಗಸ್ಟ್ ಚಳಿಗಾಲದಲ್ಲೇ ತುಂಬಿಹೋಗುತ್ತದೆ.

ಇವರಿಗಿಂತ ಮೊದಲು ಒಂದು ಏಜೆನ್ಸಿ ನಮಗೆ ಚೆಂದದ ಪಟ್ಟಿ ಕಳಿಸಿತ್ತು. ಆರು ದಿನ, ಆರು ಶಿಖರ, ಎಲ್ಲವೂ 4,000 ಮೀಟರ್ ಮೇಲೆ. ಭಾವನಿಗೆ ಅದು ತುಂಬಾ ಹಿಡಿಸಿತ್ತು. ನನಗೆ ಆ ಪಟ್ಟಿ ಓದುವಾಗಲೇ ಹೆದರಿಕೆಯಾಯಿತು. ನಮ್ಮ ಬಗ್ಗೆ ಅವರು ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಕಾರ್ಡ್ ನಂಬರ್ ಮಾತ್ರ ಕೇಳಿದ್ದರು.

ಇವತ್ತು ವಿಡಿಯೋ ಕಾಲ್‌ನಲ್ಲಿ ಸಿಕ್ಕಿದವರು ಹಾಗಲ್ಲ. ನಾವು ಅವರನ್ನು ಪರೀಕ್ಷೆ ಮಾಡಬೇಕು ಅಂತ ಕೂತಿದ್ದೆವು, ಪರೀಕ್ಷೆ ನಮ್ಮದಾಯಿತು. ಮೊದಲು ಅವರಾಗಿಯೇ ತಮ್ಮ ಈ ವರ್ಷದ ಐಎಫ್‌ಎಂಜಿಎ ಕಾರ್ಡ್ ತೋರಿಸಿದರು. ಇದು ಪರ್ವತ ಗೈಡ್‌ಗಳ ಅಂತರರಾಷ್ಟ್ರೀಯ ಒಕ್ಕೂಟ, 1965ರಲ್ಲಿ ಶುರುವಾದದ್ದು. ಬಂಡೆ, ಮಂಜುಗಡ್ಡೆ, ಸ್ಕೀ ಮೂರರಲ್ಲೂ ವರ್ಷಗಟ್ಟಲೆ ತರಬೇತಿ ಪಡೆದು ಪಾಸಾದವರಿಗೆ ಮಾತ್ರ ಆ ಕಾರ್ಡ್ ಸಿಗುತ್ತದೆ. ಆಮೇಲೆ ಪ್ರಶ್ನೆಗಳು. ಕ್ರ್ಯಾಂಪಾನ್ (ಹಿಮದಲ್ಲಿ ಜಾರದಂತೆ ಶೂ ಅಡಿಗೆ ಕಟ್ಟುವ ಲೋಹದ ಮುಳ್ಳು) ಹಾಕಿ ನಡೆದದ್ದು ಯಾವಾಗ? ಭಾರ ಹೊತ್ತು ಎಷ್ಟು ಹೊತ್ತು ಇಳಿಯಬಲ್ಲಿರಿ? ಹತ್ತುವುದರ ಬಗ್ಗೆ ಅವರು ಜಾಸ್ತಿ ಕೇಳಲೇ ಇಲ್ಲ. ಎಲ್ಲಾ ಇಳಿಯುವುದರ ಬಗ್ಗೆಯೇ. ಮಧ್ಯಾಹ್ನದ ಬಿಸಿಲಿಗೆ ಹಿಮ ಮೆದುವಾಗುತ್ತದೆ. ಹಿಮನದಿಯ ಬಿರುಕುಗಳ ಮೇಲೆ ಸೇತುವೆ ಥರ ಕೂತ ಹಿಮ ಆಗ ಕುಸಿಯಬಹುದು. ಅದಕ್ಕೇ ನಸುಕಿಗೆ ಹೊರಟು, ಬಿಸಿಲೇರುವ ಮೊದಲು ಇಳಿದು ಮುಗಿಸಬೇಕು. ಸುಸ್ತಾದ ಕಾಲು ಎಡವುವುದೂ ಇಳಿಯುವಾಗಲೇ ಅಲ್ವಾ.

ಕೊನೆಗೆ ಒಂದು ಪ್ರಶ್ನೆ ಕೇಳಿದರು: "ನಿಮ್ಮಿಬ್ಬರಲ್ಲಿ ಸುಸ್ತಾದರೆ ಬಾಯಿಬಿಟ್ಟು ಹೇಳದವರು ಯಾರು?"

ಭಾವ ನನ್ನ ಮುಖ ನೋಡಿದರು. ನಾನು ಅವರ ಕಡೆ ಕೈ ತೋರಿಸಿದೆ. ಕುಮಾರ ಪರ್ವತದಿಂದ ಇಳಿಯುವಾಗ ಕಲ್ಲು ಮಂಟಪದ ಹತ್ತಿರವೇ ಅವರ ಹಿಮ್ಮಡಿ ಶೂ ಕಚ್ಚಿ ಸುಲಿದಿತ್ತು. ಒಂದು ಮಾತು ಆಡಲಿಲ್ಲ. ಭಟ್ಟರ ಮನೆ ಜಗಲಿಯಲ್ಲಿ ಕೂತು ಶೂ ತೆಗೆದಾಗ ಸಾಕ್ಸ್ ರಕ್ತದಲ್ಲಿ ಒದ್ದೆ, ಚರ್ಮಕ್ಕೆ ಅಂಟಿಕೊಂಡಿತ್ತು. ನೀರು ಹಾಕಿ ನೆನೆಸಿ ಬಿಡಿಸಬೇಕಾಯಿತು. ಅದನ್ನು ಇವತ್ತು ಹಾಗೆಯೇ ಹೇಳಿದೆ. ಗೈಡ್ ನಗಲಿಲ್ಲ, ಬರೆದುಕೊಂಡರು. ನನಗೆ ಅವರ ಮೇಲೆ ನಂಬಿಕೆ ಕೂತದ್ದು ಆಗ.

ಅವರು ಯಾಕೆ ಬರೆದುಕೊಂಡರು ಎಂದು ಮುಂದಿನ ಮಾತಿನಲ್ಲಿ ಗೊತ್ತಾಯಿತು. ಹಗ್ಗದಲ್ಲಿ ಎಷ್ಟು ಜನ ಎನ್ನುವುದರ ಮೇಲೆ ಈ ಇಡೀ ಪ್ರವಾಸ ನಿಂತಿದೆ. ಅಗಲವಾದ ಹಿಮನದಿಯಲ್ಲಿ ಹಗ್ಗಕ್ಕೆ ಜನ ಜಾಸ್ತಿ ಇದ್ದರೆ ಒಳ್ಳೆಯದೇ. ಒಬ್ಬ ಬಿರುಕಿಗೆ ಬಿದ್ದರೆ ಉಳಿದವರ ಭಾರ ಹಿಡಿದುಕೊಳ್ಳುತ್ತದೆ. ಕಿರಿದಾದ ರಿಡ್ಜ್, ಅಂದರೆ ಬೆಟ್ಟದ ಏಣಿನ ಮೇಲೆ ಲೆಕ್ಕ ಉಲ್ಟಾ. ಅಲ್ಲಿ ಗೈಡ್ ಹಗ್ಗವನ್ನು ಗಿಡ್ಡ ಮಾಡಿ ಕೈಯಲ್ಲೇ ಹಿಡಿದಿರುತ್ತಾರೆ. ಕಾಲು ಜಾರಿದ ಕ್ಷಣದಲ್ಲೇ ತಡೆಯಬೇಕು, ಒಂದು ಸೆಕೆಂಡ್ ತಡವಾದರೆ ಎಲ್ಲರೂ ಹೋದ ಹಾಗೆ. ಮ್ಯಾಟರ್‌ಹಾರ್ನ್ ಶಿಖರಕ್ಕೆ ಒಬ್ಬ ಗೈಡ್ ಒಬ್ಬರನ್ನೇ ಕರೆದೊಯ್ಯುವುದು ಅದಕ್ಕೇ. ನಮ್ಮ ದಾರಿಗೆ ಇಬ್ಬರಿಗೆ ಒಬ್ಬರು ಸಾಕು. ಆದರೆ ಇಬ್ಬರಲ್ಲಿ ಒಬ್ಬರಿಗೆ ಆಗದಿದ್ದರೆ ಮೂವರೂ ತಿರುಗಬೇಕು. ಹಿಮನದಿಯಲ್ಲಿ ಯಾರನ್ನೂ ಕೂರಿಸಿ ಹೋಗುವ ಹಾಗಿಲ್ಲ.

ನಾನು ಉತ್ತರಕಾಶಿಯ ನೆಹರೂ ಪರ್ವತಾರೋಹಣ ಸಂಸ್ಥೆಯಲ್ಲಿ ಬೇಸಿಕ್ ಕೋರ್ಸ್ ಮಾಡಿದವನು. ಭಾವ ಹಿಮ ಮುಟ್ಟಿದವರಲ್ಲ. "ನೀನು ಬೇರೆ ಗೈಡ್ ತಕೋ ಮಾರಾಯ, ನನ್ನಿಂದ ನಿನ್ನ ದುಡ್ಡು ಹಾಳಾಗುದು ಬೇಡ" ಅಂದರು. ಬೇಡ ಭಾವ, ನೀವು ತಿರುಗಿದರೆ ನಾನೂ ತಿರುಗುತ್ತೇನೆ, ಇದರಲ್ಲಿ ಚರ್ಚೆ ಇಲ್ಲ ಎಂದೆ. ದುಡ್ಡು ಉಳಿಸಲು ಹೇಳಿದ್ದಲ್ಲ. ಒಟ್ಟಿಗೆ ಹೋಗಬೇಕು ಅಂತಲೇ ನಾವು ಈ ಯೋಜನೆ ಹಾಕಿದ್ದು.

ಅವರು ಹೇಳಿದ ವಾರ ಹೀಗೆ. ಮೊದಲ ದಿನ ಶಿಖರವೇ ಇಲ್ಲ. ಸಮುದ್ರದ ಮಟ್ಟದಿಂದ ಬರುವ ನಮ್ಮ ರಕ್ತಕ್ಕೆ ಆ ಗಾಳಿ ಒಗ್ಗಬೇಕು. ಜೊತೆಗೆ ಕ್ರ್ಯಾಂಪಾನ್, ಹಗ್ಗದ ಅಭ್ಯಾಸ. ಆಮೇಲೆ 4,164 ಮೀಟರಿನ ಬ್ರೈಟ್‌ಹಾರ್ನ್. ಕೇಬಲ್ ಕಾರೇ 3,883 ಮೀಟರಿಗೆ ತಲುಪಿಸುತ್ತದೆ, ಮುಂದೆ ಹಿಮದ ನಡಿಗೆ. ಸುಲಭ ಅಂತ ಹೆಸರು, ಆದರೆ ಎತ್ತರ ಒಗ್ಗದವರಿಗೆ ಆ ಕೇಬಲ್ ಕಾರೇ ತಲೆನೋವು ತರಬಹುದು. ಹವಾಮಾನ ಕೈ ಕೊಡದಿದ್ದರೆ ಪೊಲಕ್ಸ್, ಅಲ್ಲಿ ಬಂಡೆಯಲ್ಲಿ ಕಟ್ಟಿದ ಸರಪಳಿ ಹಿಡಿದು ಏರಬೇಕು. ಮತ್ತೆ ಕ್ಯಾಸ್ಟರ್, 4,223 ಮೀಟರ್. ಕೊನೆಗೆ ಸಾಧ್ಯವಾದರೆ 4,554 ಮೀಟರಿನ ನೆತ್ತಿಯಲ್ಲೇ ಕಟ್ಟಿದ ಮಾರ್ಗರಿಟಾ ಹಟ್ (ಹತ್ತುವವರು ರಾತ್ರಿ ತಂಗುವ ಮನೆ), 1893ರಲ್ಲಿ ಇಟಲಿಯ ರಾಣಿಯೇ ಬಂದು ತೆರೆದದ್ದು. ನಡುವಿನ ಲಿಸ್ಕಾಮ್ ರಿಡ್ಜನ್ನು ಅವರು ಒಂದೇ ಮಾತಿನಲ್ಲಿ ತೆಗೆದುಹಾಕಿದರು. ಗಾಳಿ ಕಟ್ಟಿದ ಹಿಮದ ಚಾಚು ಅಲ್ಲಿ ಕಾಲ ಕೆಳಗೇ ಮುರಿಯುತ್ತದೆ. ಆ ಊರಿನವರು ಅದನ್ನು ನರಭಕ್ಷಕ ಅಂತಲೇ ಕರೆಯುತ್ತಿದ್ದರು.

"ಇವುಗಳಲ್ಲಿ ಯಾವುದು ಖಂಡಿತ?" ಭಾವ ಕೇಳಿದರು. ಯಾವುದೂ ಇಲ್ಲ, ವಾರ ಮಾತ್ರ ಖಂಡಿತ ಎಂದು ಉತ್ತರ ಬಂತು. ಮಳೆ, ಮಂಜು ಬಂದರೆ ತಗ್ಗಿನಲ್ಲಿ ಬೇರೇನಾದರೂ ಹತ್ತಿಸುತ್ತಾರೆ. ಅವರ ದಿನದ ಸಂಬಳ ಕೊಡಲೇಬೇಕು.

ಸಂಜೆ ಮೀನುಗಾರಿಕೆ ದಕ್ಕೆಯಲ್ಲಿ ಮಾವ ಸಿಕ್ಕಿದಾಗ ಈ ಮಾತು ಹೇಳಿದೆ. ಅವರದ್ದು ಟ್ರಾಲ್ ಬೋಟ್. "ಸರಿಯಾದ ಜನವೇ ಸಿಕ್ಕಿದ್ದಾರೆ. ಬೋಟ್ ನನ್ನದು, ಡೀಸೆಲ್ ನನ್ನದು. ಆದರೆ ಗಾಳಿ ನೋಡಿ ತಿರುಗಿಸುವವ ತಂಡೇಲ. ನಾನು ದಡದಲ್ಲಿ ಕೂತು ಇನ್ನೊಂದು ಬಲೆ ಬಿಡು ಅಂತ ಹೇಳ್ಲಿಕ್ಕೆ ಉಂಟಾ?" ಅಂದರು.

ಹೇಳಿದವರೂ ಇದ್ದಾರೆ. 1820ರ ಆಗಸ್ಟ್‌ನಲ್ಲಿ ರಷ್ಯಾದ ಡಾಕ್ಟರ್ ಹ್ಯಾಮೆಲ್ ಮೋಂಟ್ ಬ್ಲಾಂಕ್ ಹತ್ತಲು ಹೊರಟರು. ಹವೆ ಸರಿಯಿಲ್ಲ, ಗೈಡ್‌ಗಳಿಗೆ ಮುಂದೆ ಹೋಗಲು ಮನಸ್ಸಿರಲಿಲ್ಲ ಎನ್ನುತ್ತಾರೆ. ಡಾಕ್ಟರ್ ಹಟ ಹಿಡಿದರು. ಹಿಮ ಕುಸಿದು ಮೂವರು ಗೈಡ್‌ಗಳು ಸತ್ತರು, ಹ್ಯಾಮೆಲ್ ಉಳಿದರು. ಮರುವರ್ಷ, 1821ರಲ್ಲಿ, ಆ ಬೆಟ್ಟದ ಬುಡದ ಶಮೋನಿ ಊರಿನ ಗೈಡ್‌ಗಳು ಸೇರಿ ತಮ್ಮದೇ ಕಂಪನಿ ಕಟ್ಟಿದರು. ಅದು ಇವತ್ತಿಗೂ ಇದೆ. ಆಗ ಸರದಿಯ ಪ್ರಕಾರವೇ ಗೈಡ್ ಸಿಗುತ್ತಿದ್ದರಂತೆ, ಆಯ್ಕೆಯೇ ಇಲ್ಲ. ನಮಗೆ ಆರಿಸುವ ಅವಕಾಶ ಇರುವಾಗ ದರ ಒಂದನ್ನೇ ನೋಡಿ ಆರಿಸುವುದು ನನಗಂತೂ ಸರಿ ಕಾಣುವುದಿಲ್ಲ.

ದರ ಕಮ್ಮಿಯೇನೂ ಇಲ್ಲ. ದಿನಕ್ಕೆ 600 ಸ್ವಿಸ್ ಫ್ರಾಂಕ್‌ಗಿಂತ ಮೇಲೆ, ಅಂದರೆ ಅರ್ಧ ಲಕ್ಷ ರೂಪಾಯಿ ದಾಟುತ್ತದೆ. ಹಟ್‌ನಲ್ಲಿ ಗೈಡ್‌ನ ಊಟ, ವಸತಿ, ಕೇಬಲ್ ಕಾರ್ ಟಿಕೆಟ್ ಕೂಡ ನಮ್ಮ ಲೆಕ್ಕಕ್ಕೇ. ಅದು ಅಲ್ಲಿಯ ಪದ್ಧತಿ. ಇನ್ಶೂರೆನ್ಸ್ ಬಗ್ಗೆಯೂ ಎಚ್ಚರ ಬೇಕು. ಯುರೋಪಿನ ಷೆಂಗೆನ್ ವೀಸಾಕ್ಕೆ 30,000 ಯೂರೋದ ಪಾಲಿಸಿ ಸಾಕಾಗುತ್ತದೆ, ಆದರೆ ಅಂಥ ಹೆಚ್ಚಿನ ಪಾಲಿಸಿಗಳಲ್ಲಿ ಹಗ್ಗ ಕಟ್ಟಿ ಹತ್ತುವುದಕ್ಕೆ ರಕ್ಷಣೆಯೇ ಇಲ್ಲ. ಹೆಲಿಕಾಪ್ಟರ್ ಕರೆಸಬೇಕಾಗಿ ಬಂದರೆ ಖರ್ಚು ನಮ್ಮ ತಲೆಗೆ. ಆಸ್ಟ್ರಿಯನ್ ಆಲ್ಪೈನ್ ಕ್ಲಬ್ಬಿನ ಸದಸ್ಯರಾದರೆ ರೆಸ್ಕ್ಯೂ ಇನ್ಶೂರೆನ್ಸ್ ಜೊತೆಗೇ ಬರುತ್ತದೆ, ಹಟ್‌ನಲ್ಲಿ ರಿಯಾಯಿತಿಯೂ ಉಂಟು. ಇಬ್ಬರೂ ಸೇರುತ್ತೇವೆ.

ರಾತ್ರಿ ಊಟದ ನಂತರ ಮೇಲ್ ಕಳಿಸಿದೆ. ವಾರ ನಿಮ್ಮದು, ಶಿಖರ ನೀವೇ ಹೇಳಿ, ಒಬ್ಬರು ತಿರುಗಿದರೆ ಇಬ್ಬರೂ ತಿರುಗುತ್ತೇವೆ ಅಂತ ಸ್ಪಷ್ಟವಾಗಿ ಬರೆದೆ. ಕೆಳಗೆ ಭಾವ ತಾವೇ ಒಂದು ಸಾಲು ಸೇರಿಸಿದರು: ಸುಸ್ತಾದರೆ ಹೇಳುತ್ತೇನೆ. ನಾಳೆ ಬ್ಯಾಂಕಿಗೆ ಹೋಗಿ ಮುಂಗಡ ಕಳಿಸಬೇಕು. ನಾಡಿದ್ದಿನಿಂದ ಬೆಳಿಗ್ಗೆ ಬೆನ್ನಿಗೆ ನೀರಿನ ಬಾಟಲಿಗಳ ಚೀಲ ಹಾಕಿ ಕದ್ರಿ ಗುಡ್ಡದ ಮೆಟ್ಟಿಲು, ಅದರಲ್ಲೂ ಇಳಿಯುವುದು.