ಪುನರ್ವಸು ಮಳೆಯಲ್ಲಿ ಮರುಪರೀಕ್ಷೆಯ ತಯಾರಿ

2023ರ ಜೂನ್ ಕೊನೆಯ ವಾರ ಬೆಂಗಳೂರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆಯು ಲಿನಕ್ಸ್ ಕಂಪ್ಯೂಟರ್ ವ್ಯವಸ್ಥೆಯ ನಿರ್ವಾಹಕರಿಗಾಗಿ ನಡೆಸುವ ಆರ್‌ಎಚ್‌ಸಿಎಸ್‌ಎ ಪರೀಕ್ಷೆಗೆ ಕುಳಿತು ನಾನು ಅನುತ್ತೀರ್ಣಳಾದೆ. ಅದೇ ಆಗಸ್ಟ್‌ನಲ್ಲಿ ಮತ್ತೆ ಕುಳಿತು ಉತ್ತೀರ್ಣಳಾದೆನಾದರೂ, ಇಲ್ಲಿ ಹೇಳಬೇಕೆಂದಿರುವುದು ಆ ಎರಡು ದಿನಗಳ ನಡುವೆ ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕಳೆದ ಒಂಬತ್ತು ದಿನಗಳನ್ನು, ಅದರಲ್ಲಿಯೂ ಮುಖ್ಯವಾಗಿ ಒಂದು ಗುರುವಾರವನ್ನು ಕುರಿತು.

ಈ ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸುವ ಪ್ರಶ್ನೆಗಳಿರುವುದಿಲ್ಲ. ಮೂರು ಗಂಟೆಗಳ ಕಾಲ ನಿಜವಾದ ಲಿನಕ್ಸ್ ಯಂತ್ರಗಳ ಮುಂದೆ ಕುಳಿತು, ಕೇಳಿದ ಕೆಲಸವನ್ನು ಮಾಡಿ ಮುಗಿಸಬೇಕು. ಇಂಟರ್ನೆಟ್ ಇರುವುದಿಲ್ಲ, ಮರೆತುಹೋದರೆ ಯಂತ್ರದೊಳಗೇ ಇರುವ ಮ್ಯಾನ್ ಪೇಜುಗಳೆಂಬ ಕೈಪಿಡಿಗಳೇ ಗತಿ. ಒಟ್ಟು 300 ಅಂಕಗಳಲ್ಲಿ 210 ಬಂದರೆ ಪಾಸು. ಇದಕ್ಕೆಲ್ಲ ಮೇಲೆ ಒಂದು ನಿಯಮವಿದೆ: ಮಾಡಿದ ಕೆಲಸವೆಲ್ಲ ಯಂತ್ರವನ್ನು ರೀಬೂಟ್ ಮಾಡಿದ ಮೇಲೂ ಯಾರ ಕೈಯೂ ತಾಗದೆ ತಾನಾಗಿ ಉಳಿದಿರಬೇಕು. ನಿಯಮವನ್ನು ನಾನು ಹತ್ತಾರು ಬಾರಿ ಓದಿದ್ದೆ, ಬಾಯಿಪಾಠವಾಗಿತ್ತು.

ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಪರೀಕ್ಷಾರ್ಥಿಗಳೆಲ್ಲರೂ ಒಪ್ಪಿಕೊಂಡಿರುತ್ತಾರೆ, ನಾನೂ ಹೇಳುವುದಿಲ್ಲ. ನನ್ನ ತಪ್ಪನ್ನು ಮಾತ್ರ ಹೇಳಬಹುದು. ಕೊನೆಯ ಹತ್ತು ನಿಮಿಷವಿರುವಾಗ ರೀಬೂಟ್ ಮಾಡಿದೆ. ಯಂತ್ರಗಳಲ್ಲಿ ಒಂದು ಲಾಗಿನ್ ಕೇಳುವ ಬದಲು ಎಮರ್ಜೆನ್ಸಿ ಮೋಡಿಗೆ, ಅಂದರೆ ಕೆಟ್ಟದ್ದನ್ನು ಸರಿಪಡಿಸಲೆಂದಿರುವ ಸ್ಥಿತಿಗೆ, ಹೋಗಿ ನಿಂತಿತು. ಯಾವ ಡಿಸ್ಕ್ ಭಾಗ ಎಲ್ಲಿ ಕೂರಬೇಕೆಂದು ಹೇಳುವ ಎಫ್‌ಎಸ್‌ಟ್ಯಾಬ್ ಎಂಬ ಕಡತದಲ್ಲಿ, ಹೈಫನ್‌ಗಳೂ ಸೇರಿ 36 ಅಕ್ಷರಗಳ ಯುಯುಐಡಿಯನ್ನು, ಅಂದರೆ ಆ ಭಾಗದ ಗುರುತಿನ ಸಂಖ್ಯೆಯನ್ನು, ನಕಲು ಮಾಡುವ ಬದಲು ಕಣ್ಣಿನಲ್ಲಿ ನೋಡಿಕೊಂಡು ಟೈಪ್ ಮಾಡಿದ್ದೆ. ಎಲ್ಲೋ ಒಂದು ಅಕ್ಷರ ತಪ್ಪಿತ್ತು. ಅದನ್ನು ಸರಿಪಡಿಸುವ ಕ್ರಮ ನನಗೆ ಗೊತ್ತಿರಲಿಲ್ಲವೆಂದಲ್ಲ, ಒಮ್ಮೆಯೂ ಕೈಯಾರೆ ಮಾಡಿ ನೋಡಿರಲಿಲ್ಲ. ಕೈ ನಡುಗುತ್ತಿರುವಾಗಲೇ ಸಮಯ ಮುಗಿಯಿತು. ಎರಡು ದಿನಗಳ ನಂತರ ಬಂದ ಮಿಂಚಂಚೆಯಲ್ಲಿ 143 ಎಂದಿತ್ತು.

ಆ ವಾರವಿಡೀ ನಾನು ಕೇಳಿದವರಿಗೆಲ್ಲ ಒಂದೇ ಮಾತನ್ನು ಹೇಳಿದೆ: ಒಂದು ಅಕ್ಷರ ತಪ್ಪಿತು, ಅದರಿಂದ ಹೋಯಿತು. ಹಾಗೆ ಹೇಳಿಕೊಳ್ಳುವುದರಲ್ಲಿ ಸಮಾಧಾನವಿತ್ತು. ಪರಿಚಿತರೊಬ್ಬರು ಡಂಪ್ ಕಳಿಸಿಕೊಡುವುದಾಗಿ, ಅಂದರೆ ಹಿಂದೆ ಬಂದ ಪ್ರಶ್ನೆಗಳನ್ನೇ ಉತ್ತರಸಹಿತ ಕೊಡುವುದಾಗಿ ಹೇಳಿದರು. ಬೇಡವೆಂದೆ. ನಾನು ರಾತ್ರಿ ಪಾಳಿಯಲ್ಲಿ ಸರ್ವರ್‌ಗಳನ್ನು ನೋಡಿಕೊಳ್ಳುವ ತಂಡದಲ್ಲಿ ಕೆಲಸ ಮಾಡುತ್ತೇನೆ. ನಡುರಾತ್ರಿ ಎರಡು ಗಂಟೆಗೆ ಕೆಡುವ ಸರ್ವರ್ ಹಿಂದಿನ ಪ್ರಶ್ನೆಪತ್ರಿಕೆಯನ್ನು ನೋಡಿಕೊಂಡು ಕೆಡುವುದಿಲ್ಲ. ಈ ಪ್ರಮಾಣಪತ್ರ ಬೇಕಾಗಿದ್ದದ್ದು ಬಡ್ತಿಗೆಂಬುದು ನಿಜ. ಆದರೆ ಆ ಕೆಲಸದ ಬಗ್ಗೆ ನನಗೆ ಒಳಗಿನಿಂದಲೇ ಒಂದು ಗೌರವವಿದೆ, ಅದನ್ನು ಕಳೆದುಕೊಂಡು ಬರುವ ಕಾಗದ ಬೇಕಿರಲಿಲ್ಲ.

ಉಳಿದಿದ್ದ ರಜೆಯನ್ನೆಲ್ಲ ಒಟ್ಟು ಮಾಡಿಕೊಂಡು ಜುಲೈ ಎರಡನೆಯ ವಾರ ಊರಿಗೆ ಹೋದೆ. ನನ್ನ ಲ್ಯಾಪ್‌ಟಾಪಿನಲ್ಲಿದ್ದದ್ದು 8 ಜಿಬಿ ರ‍್ಯಾಮ್. ಅದರಲ್ಲಿ ವರ್ಚುವಲ್‌ಬಾಕ್ಸ್ ಹಾಕಿ, ತಲಾ 2 ಜಿಬಿಯ ತಂತ್ರಾಂಶದೊಳಗೇ ಓಡುವ ಎರಡು ಯಂತ್ರಗಳನ್ನು ಕಟ್ಟಿಕೊಂಡಿದ್ದೆ. ರೆಡ್ ಹ್ಯಾಟ್‌ನ ಲಿನಕ್ಸ್ ದುಬಾರಿಯೆಂದು ಹಲವರು ಅಭ್ಯಾಸಕ್ಕೇ ಹಿಂಜರಿಯುತ್ತಾರೆ. ಆದರೆ 2021ರಿಂದ ವೈಯಕ್ತಿಕ ಡೆವಲಪರ್ ಚಂದಾದಾರಿಕೆಯಲ್ಲಿ 16 ಯಂತ್ರಗಳವರೆಗೆ ಹಣ ಕೊಡದೆಯೇ ಬಳಸಬಹುದು. ಅದೂ ಬೇಡವೆಂದರೆ ಅದಕ್ಕೆ ಹೊಂದಿಕೊಳ್ಳುವಂತೆ ಕಟ್ಟಿದ ರಾಕಿ ಲಿನಕ್ಸ್, ಆಲ್ಮಾ ಲಿನಕ್ಸ್‌ಗಳಿವೆ. ಕಲಿಯಲು ಬೇಕಾದ ಸಾಮಗ್ರಿ ಅಷ್ಟೇ. ಬೇಕಾಗಿದ್ದದ್ದು ತಡೆಯಿಲ್ಲದ ಹೊತ್ತು, ಅದು ಊರಿನಲ್ಲಿ ಸಿಗುತ್ತದೆಂದು ನಂಬಿದ್ದೆ.

ಪುನರ್ವಸು ಮಳೆ ಹಿಡಿದಿತ್ತು. ನಮ್ಮ ಕಡೆ ಮಳೆಗಾಲದಲ್ಲಿ ಕರೆಂಟಿನ ಕತೆ ಎಲ್ಲರಿಗೂ ಗೊತ್ತಿರುವುದೇ: ಎಲ್ಲೋ ಕಾಡಿನಲ್ಲಿ ಒಂದು ಕೊಂಬೆ ತಂತಿಯ ಮೇಲೆ ಬಿದ್ದರೆ, ಲೈನ್‌ಮನ್ ಆ ಮಳೆಯಲ್ಲಿ ನಡೆದು ಹುಡುಕಿ ತೆಗೆಯುವವರೆಗೆ ಊರು ಕತ್ತಲು. ಮನೆಯ ಇನ್ವರ್ಟರಿನ ಬ್ಯಾಟರಿ ಆ ವರ್ಷ ಕೆಟ್ಟಿತ್ತು. ನನ್ನ ಲ್ಯಾಪ್‌ಟಾಪಿನ ಬ್ಯಾಟರಿಯೂ ಹಳೆಯದಾಗಿ, ತಂತಿ ತೆಗೆದ ಒಂದೆರಡು ನಿಮಿಷಕ್ಕೆ ಆರಿಹೋಗುತ್ತಿತ್ತು.

ಗುರುವಾರ ಬೆಳಿಗ್ಗೆ ಆರು ಗಂಟೆಗೇ ಎದ್ದು, ಸಂಸ್ಥೆಯೇ ಪ್ರಕಟಿಸಿರುವ ವಿಷಯಪಟ್ಟಿಯನ್ನು ಆಧರಿಸಿ ಹನ್ನೆರಡು ಕೆಲಸಗಳನ್ನು ನಾನೇ ಬರೆದುಕೊಂಡು, ಗಡಿಯಾರ ಇಟ್ಟುಕೊಂಡು ಕುಳಿತೆ. ನೆಟ್‌ವರ್ಕ್ ವಿಳಾಸ, ಎಲ್‌ವಿಎಂ ಡಿಸ್ಕ್ ವಿಸ್ತರಣೆ, ಬಳಕೆದಾರರು ಮತ್ತು ಗುಂಪುಗಳು, ಬೇರೆ ಪೋರ್ಟಿನಲ್ಲಿ ವೆಬ್ ಸರ್ವರ್, ಫೈರ್‌ವಾಲ್, ಪಾಡ್‌ಮನ್ ಕಂಟೇನರ್ (ತಂತ್ರಾಂಶವನ್ನು ಪ್ರತ್ಯೇಕ ಡಬ್ಬದಲ್ಲಿಟ್ಟಂತೆ ಓಡಿಸುವುದು), ಹೀಗೆ. ಎರಡು ಗಂಟೆ ಹತ್ತು ನಿಮಿಷಗಳಲ್ಲಿ ಹನ್ನೆರಡೂ ಮುಗಿದವು. ಒಂದೊಂದನ್ನೂ ಪರೀಕ್ಷಿಸಿ ಪುಸ್ತಕದಲ್ಲಿ ಗುರುತು ಹಾಕಿದೆ. ಎಲ್ಲವೂ ಸರಿಯಾಗಿದ್ದವು. ಅಡುಗೆಮನೆಗೆ ಹೋಗಿ ಅಮ್ಮನಿಗೆ ಈ ಸಲ ಆಗುತ್ತದೆಂದು ಹೇಳಿ, ದೋಸೆ ತಿನ್ನಲು ಕುಳಿತೆ. ಆಗ ಕರೆಂಟು ಹೋಯಿತು. ಓಡಿಹೋಗಿ ಮುಚ್ಚುವಷ್ಟರಲ್ಲಿ ಲ್ಯಾಪ್‌ಟಾಪ್ ಆರಿತ್ತು.

"ಹೋದ್ರೆ ಹೋಯ್ತು ಮಾರಾಯ್ತಿ, ಬಂದ್ಮೇಲೆ ಮತ್ತೆ ಶುರು ಮಾಡು, ಮೊದ್ಲು ತಿನ್ನು," ಎಂದು ಅಮ್ಮ ಕರೆದರು.

ಕರೆಂಟು ಬಂದದ್ದು ಸಂಜೆ ನಾಲ್ಕಕ್ಕೆ. ಎರಡು ಯಂತ್ರಗಳನ್ನೂ ಎಬ್ಬಿಸಿ, ಬೆಳಿಗ್ಗೆ ಗುರುತು ಹಾಕಿದ್ದ ಹನ್ನೆರಡು ಕೆಲಸಗಳನ್ನು ಮೊದಲಿನಿಂದ ನೋಡುತ್ತ ಬಂದೆ. ಅವುಗಳಲ್ಲಿ ಐದು ಇರಲಿಲ್ಲ.

ವಿಳಾಸವನ್ನು ಐಪಿ ಆಜ್ಞೆಯಿಂದ ಕೊಟ್ಟಿದ್ದೆ. ಅದು ಓಡುತ್ತಿರುವ ಯಂತ್ರಕ್ಕೆ ಮಾತ್ರ ಅನ್ವಯಿಸುತ್ತದೆ, ಉಳಿಯಬೇಕಾದರೆ ಎನ್‌ಎಂಸಿಎಲ್‌ಐ ಎಂಬ ಆಜ್ಞೆಯ ಮೂಲಕ ಸಂಪರ್ಕದ ವಿವರದಲ್ಲಿ ಬರೆಯಬೇಕಿತ್ತು. ಫೈರ್‌ವಾಲಿನಲ್ಲಿ ಪೋರ್ಟ್ ತೆರೆದಿದ್ದೆ, ಪರ್ಮನೆಂಟ್ ಎಂಬ ಪದವನ್ನು ಸೇರಿಸಿರಲಿಲ್ಲ. ವೆಬ್ ಸರ್ವರನ್ನು ಸ್ಟಾರ್ಟ್ ಮಾಡಿದ್ದೆ, ಯಂತ್ರ ಎದ್ದಾಗ ತಾನಾಗಿ ಶುರುವಾಗುವಂತೆ ಎನೇಬಲ್ ಮಾಡಿರಲಿಲ್ಲ. ಒಂದು ಕೆಲಸ ಆಗದಿದ್ದಾಗ ಎಸ್‌ಇ ಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯನ್ನು ತಾತ್ಕಾಲಿಕವಾಗಿ ಸಡಿಲಿಸಿ ನೋಡಿ, ಹಾಗೆಯೇ ಬಿಟ್ಟಿದ್ದೆ; ಈಗ ಅದು ತನ್ನ ಮೂಲ ಬಿಗಿಗೆ ಮರಳಿ ಆ ಕೆಲಸವನ್ನು ತಡೆದಿತ್ತು. ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಐದನೆಯದು, ಕಂಟೇನರ್. ಅದನ್ನು ಸಾಮಾನ್ಯ ಬಳಕೆದಾರರೊಬ್ಬರ ಹೆಸರಿನಲ್ಲಿ ಸೇವೆಯಾಗಿ ಮಾಡಿ, ಎನೇಬಲ್ ಕೂಡ ಮಾಡಿದ್ದೆ. ಆದರೂ ಎದ್ದಿರಲಿಲ್ಲ. ಆ ಬಳಕೆದಾರರಾಗಿ ಲಾಗಿನ್ ಆದೊಡನೆ ಎದ್ದಿತು! ಮ್ಯಾನ್ ಪೇಜುಗಳನ್ನು ಹುಡುಕಿದ ಮೇಲೆ ತಿಳಿದದ್ದು ಇಷ್ಟು: ಬಳಕೆದಾರರ ಸೇವೆಗಳು ಅವರು ಒಳಗೆ ಬಂದಾಗ ಶುರುವಾಗಿ, ಹೊರಗೆ ಹೋದಾಗ ನಿಲ್ಲುತ್ತವೆ, ಯಾರೂ ಬರದೆಯೂ ಯಂತ್ರ ಎದ್ದಾಗಲೇ ಶುರುವಾಗಬೇಕಾದರೆ ಲಿಂಗರ್ ಎಂಬ ಅನುಮತಿಯನ್ನು ಪ್ರತ್ಯೇಕವಾಗಿ ಕೊಡಬೇಕು. ಬೆಳಿಗ್ಗೆ ನಾನು ಪರೀಕ್ಷಿಸಿದ್ದು ಆ ಬಳಕೆದಾರರಾಗಿ ಒಳಗೇ ಕುಳಿತುಕೊಂಡು.

ಜೂನ್‌ನ ಅಂಕಪಟ್ಟಿಯನ್ನು ಆಗ ಮತ್ತೆ ತೆರೆದೆ. ಅದರಲ್ಲಿ ಒಂದೊಂದು ವಿಭಾಗಕ್ಕೂ ಎಷ್ಟು ಪ್ರತಿಶತ ಬಂತೆಂದು ಕೊಟ್ಟಿರುತ್ತಾರೆ. ಏಳದೆ ನಿಂತ ಯಂತ್ರಕ್ಕೆ ಸಂಬಂಧವೇ ಇಲ್ಲದ ವಿಭಾಗಗಳಲ್ಲಿಯೂ ನನ್ನ ಅಂಕ ಕಡಿಮೆಯಿತ್ತು. ಎರಡು ವಾರಗಳಿಂದ ಆ ಪಟ್ಟಿ ನನ್ನ ಬಳಿಯೇ ಇದ್ದರೂ ನಾನು ನೋಡಿದ್ದು 143 ಎಂಬ ಒಂದು ಸಂಖ್ಯೆಯನ್ನು, ಹೇಳಿಕೊಂಡದ್ದು ತಪ್ಪಿದ ಒಂದು ಅಕ್ಷರವನ್ನು. ಆ ಯಂತ್ರ ಎದ್ದಿದ್ದರೂ ನಾನು ಪಾಸಾಗುತ್ತಿರಲಿಲ್ಲ. ಓಡುತ್ತಿರುವ ಯಂತ್ರದ ನೆನಪಿನಲ್ಲಿ ಕೆಲಸ ಮಾಡಿ, ಅದನ್ನು ಕಡತದಲ್ಲಿ ಬರೆದಿದ್ದೇನೆಂದು ನಂಬುವುದು ನನ್ನ ಅಭ್ಯಾಸವೇ ಆಗಿತ್ತು. ಕಚೇರಿಯಲ್ಲಿ ಸರ್ವರ್‌ಗಳು ತಿಂಗಳುಗಟ್ಟಲೆ ರೀಬೂಟ್ ಆಗದೆ ಓಡುವುದರಿಂದ ಈ ಅಭ್ಯಾಸ ಎಂದೂ ಬೆಳಕಿಗೆ ಬಂದಿರಲಿಲ್ಲ. ರೀಬೂಟ್ ಆದಾಗ ಪಾಳಿಯಲ್ಲಿ ಬೇರೆ ಯಾರೋ ಇದ್ದು ಅನುಭವಿಸಿರಬೇಕು. ಅದು ಹೊಳೆದಾಗ ಅಂಕದ ಬಗ್ಗೆ ಆದದ್ದಕ್ಕಿಂತ ಹೆಚ್ಚು ಬೇಸರವಾಯಿತು.

ಅಂದು ಸಂಜೆ ಮಳೆ ಸ್ವಲ್ಪ ಹೊಳವಾಯಿತು. ಅಡಿಕೆಗೆ ಕೊಳೆರೋಗ ಬಾರದಂತೆ ಎರಡನೆಯ ಸಲದ ಔಷಧಿ ಹೊಡೆಸಲು ಅಪ್ಪಯ್ಯ ಮರುದಿನಕ್ಕೆ ಸಿದ್ಧತೆ ಮಾಡಿಕೊಳ್ಳುತ್ತಿದ್ದರು. ಬೋರ್ಡೋ ದ್ರಾವಣದ ಲೆಕ್ಕ ಸರಳ: ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಬೆಳಿಗ್ಗೆ ದ್ರಾವಣ ಬೆರೆಸುವಾಗ ನಾನು ಹತ್ತಿರ ನಿಂತಿದ್ದೆ. ಒಂದೊಂದು ಡ್ರಮ್ ಬೆರೆಸಿದಾಗಲೂ ಅವರು ಉಜ್ಜಿದ ಕತ್ತಿಯ ತುದಿಯನ್ನು ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ತೆಗೆದು ನೋಡುತ್ತಿದ್ದರು. ಕಬ್ಬಿಣದ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದೆಂದು ಅರ್ಥ, ಮತ್ತಷ್ಟು ತಿಳಿಸುಣ್ಣ ಹಾಕಬೇಕು. ಇಷ್ಟು ವರ್ಷ ಅದೇ ಅಳತೆಯಲ್ಲಿ ಮಾಡಿಯೂ ಪ್ರತಿ ಡ್ರಮ್ಮಿಗೂ ನೋಡಬೇಕೇ ಎಂದು ಕೇಳಿದೆ.

"ಗೊನೆಗೆ ಹೊಡೆದಾದ್ಮೇಲೆ ನೋಡಿ ಎಂತ ಮಾಡೂದು?" ಎಂದರು ಅಪ್ಪಯ್ಯ, ತಲೆಯೆತ್ತದೆ.

ಉಳಿದ ದಿನಗಳ ಅಭ್ಯಾಸವನ್ನು ನಾನು ಬದಲಾಯಿಸಿಕೊಂಡೆ. ನೋಟ್‌ಬುಕ್ಕಿನಲ್ಲಿ ಪ್ರತಿ ಕೆಲಸದ ಮುಂದೆ ಎರಡು ಮನೆಗಳನ್ನು ಗೀರಿ, ಒಂದಕ್ಕೆ 'ಈಗ', ಇನ್ನೊಂದಕ್ಕೆ 'ಎದ್ದ ಮೇಲೆ' ಎಂದು ಬರೆದೆ. ಎರಡನೆಯ ಮನೆಯಲ್ಲಿ ಗುರುತು ಬೀಳದೆ ಕೆಲಸ ಮುಗಿದಂತಲ್ಲ. ಕೊನೆಗೊಮ್ಮೆ ರೀಬೂಟ್ ಮಾಡುವ ಬದಲು ಪ್ರತಿ ನಾಲ್ಕು ಕೆಲಸಗಳಿಗೊಮ್ಮೆ ಮಾಡತೊಡಗಿದೆ; ನನ್ನ ಯಂತ್ರ ಮೇಲೇಳಲು ಒಂದು ನಿಮಿಷವೂ ಬೇಕಾಗದಿರುವಾಗ ಅದನ್ನು ಉಳಿಸಿಕೊಂಡು ಗಳಿಸುವುದೇನೂ ಇಲ್ಲ. ಎಫ್‌ಎಸ್‌ಟ್ಯಾಬ್ ತಿದ್ದಿದೊಡನೆ, ರೀಬೂಟಿಗೂ ಮೊದಲು, ಅದರಲ್ಲಿರುವ ಡಿಸ್ಕ್ ಭಾಗಗಳನ್ನೆಲ್ಲ ಕೂರಿಸುವ ಮೌಂಟ್ ಮೈನಸ್ ಎ ಆಜ್ಞೆ ಕೊಟ್ಟು ನೋಡುವುದನ್ನೂ ಫೈಂಡ್‌ಮೌಂಟ್ ಆಜ್ಞೆಯಿಂದ ಸಾಲುಗಳನ್ನು ತಾಳೆನೋಡುವುದನ್ನೂ ಕೈಗೆ ರೂಢಿಸಿದೆ. ಯುಯುಐಡಿಯನ್ನು ಮತ್ತೆ ಎಂದೂ ಕಣ್ಣಿನಿಂದ ನೋಡಿ ಟೈಪ್ ಮಾಡಲಿಲ್ಲ.

ಎಮರ್ಜೆನ್ಸಿ ಮೋಡಿನ ಭಯವನ್ನು ಕಳೆದುಕೊಳ್ಳಲು ಬೇರೆ ದಾರಿಯಿರಲಿಲ್ಲ, ಮತ್ತೆ ಮತ್ತೆ ಅಲ್ಲಿಗೇ ಹೋಗಬೇಕಿತ್ತು. ಬೇಕೆಂದೇ ಆ ಕಡತವನ್ನು ಕೆಡಿಸಿ, ಯಂತ್ರವನ್ನು ಎಬ್ಬಿಸಿ, ಕಪ್ಪು ಪರದೆಯಲ್ಲಿ ರೂಟ್ (ಮುಖ್ಯ ನಿರ್ವಾಹಕ) ಪಾಸ್‌ವರ್ಡ್ ಕೊಟ್ಟು, ಲಾಗ್ ಓದಿ, ತಪ್ಪು ಸಾಲನ್ನು ತಿದ್ದಿ ಹೊರಗೆ ಬರುವುದು. ಮೊದಲ ಸಲ ಹದಿನಾಲ್ಕು ನಿಮಿಷ ಹಿಡಿಯಿತು. ಒಂಬತ್ತನೆಯ ದಿನ ಮೂರು ನಿಮಿಷ ಸಾಕಾಯಿತು.

ಎಸ್‌ಇ ಲಿನಕ್ಸ್‌ಗೆ ಎರಡು ಪೂರ್ತಿ ದಿನಗಳನ್ನು ಕೊಟ್ಟೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಮೊದಲು ರೂಪಿಸಿ 2000ದಲ್ಲಿ ಹೊರಗೆ ಬಿಟ್ಟ ಈ ವ್ಯವಸ್ಥೆಯಲ್ಲಿ ಪ್ರತಿ ಕಡತಕ್ಕೂ ಒಂದು ಗುರುತಿನ ಚೀಟಿಯಿರುತ್ತದೆ. ಚೀಟಿ ಸರಿಯಿಲ್ಲದಿದ್ದರೆ ಉಳಿದ ಅನುಮತಿಗಳೆಲ್ಲ ಇದ್ದರೂ ವೆಬ್ ಸರ್ವರ್ ಅದನ್ನು ಓದಲಾರದು. ಬಹಳ ಕಡೆ ಇದನ್ನು ಕಿರಿಕಿರಿಯೆಂದು ನಿಲ್ಲಿಸಿಯೇ ಬಿಡುತ್ತಾರೆ, ಅದು ತಪ್ಪೆಂದು ಈಗ ನಾನು ಗಟ್ಟಿಯಾಗಿ ಹೇಳುತ್ತೇನೆ. ಚೀಟಿಯನ್ನು ಬದಲಿಸಲು ಎರಡು ಕ್ರಮಗಳಿವೆ. ಸಿಎಚ್‌ಕಾನ್ ನೇರವಾಗಿ ಕಡತದ ಮೇಲಿನ ಚೀಟಿಯನ್ನು ಬದಲಿಸುತ್ತದೆ. ಸೆಮ್ಯಾನೇಜ್ ನಿಯಮವನ್ನೇ ದಾಖಲಿಸುತ್ತದೆ, ಆಮೇಲೆ ರಿಸ್ಟೋರ್‌ಕಾನ್ ಆ ನಿಯಮದಂತೆ ಚೀಟಿ ಅಂಟಿಸುತ್ತದೆ. ಸಿಎಚ್‌ಕಾನ್ ಮಾಡಿದ್ದು ರೀಬೂಟ್ ಆದ ಮೇಲೂ ಉಳಿದಿರುವುದನ್ನು ಕಂಡು, ಅದೇ ಸಾಕೆಂದುಕೊಂಡಿದ್ದೆ. ಸೋಮವಾರ ಮರೆತ ರೂಟ್ ಪಾಸ್‌ವರ್ಡನ್ನು ಬದಲಿಸುವ ಅಭ್ಯಾಸ ಮಾಡುತ್ತಿದ್ದೆ. ಅದರಲ್ಲಿ ಆಟೋರೀಲೇಬಲ್ ಎಂಬ ಖಾಲಿ ಕಡತವನ್ನು ಇಡುವುದನ್ನು ಮರೆತರೆ ಹೊಸ ಪಾಸ್‌ವರ್ಡಿನಿಂದಲೂ ಒಳಗೆ ಹೋಗಲಾಗುವುದಿಲ್ಲ, ಏಕೆಂದರೆ ಪಾಸ್‌ವರ್ಡಿನ ಕಡತದ ಚೀಟಿಯೇ ಕೆಟ್ಟಿರುತ್ತದೆ. ಮರೆಯದೆ ಇಟ್ಟೆ. ಯಂತ್ರ ಎಲ್ಲ ಕಡತಗಳಿಗೂ ನಿಯಮದಂತೆ ಹೊಸದಾಗಿ ಚೀಟಿ ಅಂಟಿಸಿಕೊಂಡು ಎದ್ದಿತು, ಮತ್ತು ನನ್ನ ವೆಬ್ ಪುಟ ಮಾಯವಾಗಿತ್ತು. ನಿಯಮದಲ್ಲಿ ಇಲ್ಲದ, ಸಿಎಚ್‌ಕಾನ್‌ನಿಂದ ಅಂಟಿಸಿದ ಚೀಟಿಯನ್ನು ಅದು ಅಳಿಸಿಹಾಕಿತ್ತು. 'ಎದ್ದ ಮೇಲೆ' ಎಂಬ ಮನೆಯಲ್ಲಿ ಗುರುತು ಬಿದ್ದ ಕೆಲಸವೂ ಹೀಗೆ ಹೋಗಬಹುದೆಂಬುದು ನನಗೆ ದೊಡ್ಡ ಪಾಠ. ಒಂದು ಕೆಲಸ ಇನ್ನೊಂದನ್ನು ಕೆಡಿಸುತ್ತದೆಯೇ ಎಂದು ನೋಡಲು ಕೊನೆಯಲ್ಲಿ ಎಲ್ಲವನ್ನೂ ಒಟ್ಟಿಗೆ ಮತ್ತೊಮ್ಮೆ ಪರೀಕ್ಷಿಸುವುದನ್ನು ಅಂದಿನಿಂದ ಶುರುಮಾಡಿದೆ.

ಆ ಒಂಬತ್ತು ದಿನಗಳಲ್ಲಿ ಕರೆಂಟು ಎಷ್ಟು ಸಲ ಹೋಯಿತೆಂದು ಲೆಕ್ಕವಿಡಲಿಲ್ಲ. ಕೊನೆಕೊನೆಗೆ ಹೋದಾಗ ಓಡುವುದನ್ನು ಬಿಟ್ಟೆ. ಬಂದ ಮೇಲೆ ಯಂತ್ರಗಳನ್ನು ಎಬ್ಬಿಸಿ, ಪುಸ್ತಕ ಹಿಡಿದು, ಮೊದಲ ಸಾಲಿನಿಂದ ತಾಳೆ ನೋಡುತ್ತಿದ್ದೆ. ಹೊರಡುವ ಹಿಂದಿನ ರಾತ್ರಿ ಹನ್ನೆರಡಕ್ಕೆ ಹನ್ನೆರಡೂ ಇದ್ದವು.

ಆಗಸ್ಟ್ ಎರಡನೆಯ ವಾರ ಮತ್ತೆ ಪರೀಕ್ಷೆಗೆ ಕುಳಿತಾಗ, ಮೂರು ಗಂಟೆಗಳಲ್ಲಿ ಐದು ಸಲ ರೀಬೂಟ್ ಮಾಡಿದೆ. ನಾಲ್ಕನೆಯ ಸಲ ಎಲ್ಲವನ್ನೂ ಮೊದಲಿನಿಂದ ನೋಡುತ್ತ ಬಂದಾಗ, ಹಿಂದೆ ಸರಿಯಾಗಿದ್ದ ಒಂದು ಸೇವೆ ಎದ್ದಿರಲಿಲ್ಲ. ಗಡಿಯಾರದಲ್ಲಿ ಇಪ್ಪತ್ತಮೂರು ನಿಮಿಷಗಳಿದ್ದವು. ಲಾಗ್ ಓದಿದೆ, ಆಮೇಲೆ ಮಾಡಿದ ಯಾವ ಕೆಲಸ ಅದನ್ನು ತಡೆಯುತ್ತಿದೆಯೆಂದು ಕಂಡಿತು, ಕಡತದಲ್ಲಿ ತಿದ್ದಿದೆ. ಮತ್ತೊಮ್ಮೆ ರೀಬೂಟ್ ಕೊಟ್ಟು, ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕಾದೆ. ಲಾಗಿನ್ ಕೇಳುವ ಸಾಲು ಮೂಡಿತು. ಒಳಗೆ ಹೋಗದೆಯೇ, ಇನ್ನೊಂದು ಯಂತ್ರದಿಂದ ಆ ಸೇವೆಯನ್ನು ಕೇಳಿದೆ; ಅದು ಉತ್ತರ ಕೊಟ್ಟಿತು.